ಅಜ್ಜಿಯ ಅಪ್ಪನಿಗೆ ಹಾಕದ ಎಲೆ

ಪೂರ್ವ ಆಫ್ರಿಕದ ಲೊರೆಶೋ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ನನಗೆ ಹೆದರಿಕೆಯಿದ್ದದ್ದು ಒಂದೇ ಕೋಣೆಯ ಬಗ್ಗೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಇದ್ದ ಆ ಉಗ್ರಾಣಕ್ಕೆ ಕಿಟಕಿಯಿರಲಿಲ್ಲ. ಯಾವ ಕಾಲದಲ್ಲೋ ಬಿಳಿಯರು ತಮ್ಮ ಡಬ್ಬಿ ಬಾಟಲಿಗಳನ್ನಿಡಲು ಕಟ್ಟಿಸಿದ್ದಂತೆ. ನಮ್ಮ ಕಾಲಕ್ಕೆ ಅಲ್ಲಿ ಅಕ್ಕಿಚೀಲ, ನೀರು ಬಾರದ ದಿನಗಳಿಗೆಂದು ತುಂಬಿಟ್ಟ ನೀಲಿ ಡ್ರಮ್ಮು, ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಅಡಗಿಸಿ ತಂದ ಕೋರಿರೊಟ್ಟಿಯ ಪ್ಯಾಕೆಟ್ಟುಗಳು ಇರುತ್ತಿದ್ದವು. ದೀಪಾವಳಿಯ ಅಮಾವಾಸ್ಯೆಯ ಸಂಜೆ ಮಾತ್ರ ಅಜ್ಜಿ ಅವನ್ನೆಲ್ಲ ಹೊರಗೆ ಹಾಕಿಸಿ, ನೆಲ ಒರೆಸಿ, ಸಾಲಾಗಿ ಬಾಳೆಲೆ ಹಾಕಿ, ನಮ್ಮ ಮನೆತನದಲ್ಲಿ ಸತ್ತವರಿಗೆ ಬಡಿಸುತ್ತಿದ್ದಳು. ತುಳುನಾಡಿನಲ್ಲಿ ನಮ್ಮವರು ನಡೆಸಿಕೊಂಡು ಬಂದ ಪದ್ಧತಿ ಅದು. ಬಡಿಸಿ, ದೀಪವಿಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದು ಸುಮ್ಮನೆ ಕೂರಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ, ಅವರಿಗೆ ಎದ್ದು ಹೋಗಲು ಬಿಡುವು ಕೊಟ್ಟು, ಆಮೇಲೆ ತೆರೆದು, ಅದೇ ಅನ್ನವನ್ನು ನಾವು ಉಣ್ಣಬೇಕು. ಆ ಕಾಯುವ ಹೊತ್ತಿನಲ್ಲಿ ನಾನು ಕಿವಿಯನ್ನೆಲ್ಲ ಬಾಗಿಲಿಗೆ ಕೊಟ್ಟು ಕೂತಿರುತ್ತಿದ್ದೆ. ಎಲೆ ಸರಿದ ಸದ್ದು ಕೇಳಿಸಿತು ಅಂತ ಪ್ರತಿ ವರ್ಷವೂ ಅನ್ನಿಸುತ್ತಿತ್ತು. ಶಾಲೆಯಲ್ಲಿ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಮನೆಯಲ್ಲಿದ್ದವರು ನಾವು ನಾಲ್ವರೇ. ಅಪ್ಪ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ನೀರಾವರಿ ತಜ್ಞ. ತಿಂಗಳಿಗೊಮ್ಮೆ ಯಾವುದೋ ಒಣ ಜಿಲ್ಲೆಗೆ ಹೋಗಿ ಕೆಂಪು ಧೂಳು ಹೊತ್ತು ಬರುತ್ತಿದ್ದ. ಮೈಸೂರಿನ ಅಮ್ಮ ಕರೆನ್ ಬಡಾವಣೆಯ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಅಪ್ಪನ ತಾಯಿಯಾದ ಅಜ್ಜಿ, ಅಜ್ಜ ತೀರಿಕೊಂಡ ಮೇಲೆ ಮಂಗಳೂರಿನಿಂದ ನಮ್ಮಲ್ಲಿಗೆ ಬಂದವಳು. ವಿಮಾನ ಇಳಿದು ಬಂದ ಮೊದಲ ದಿನ ಅಂಗಳದಲ್ಲೇ ನಿಂತು ಮನೆಯ ಮಾಡು ನೋಡಿದಳಂತೆ. "ಇದು ನಮ್ಮ ಮಂಗಳೂರು ಹಂಚು ಅಲ್ವಾ? ಹಾಗಾದ್ರೆ ಇರ್ಬಹುದು ಇಲ್ಲಿ" ಅಂದು ಒಳಗೆ ಬಂದಳಂತೆ. ಅವಳು ಮಗನ ಜೊತೆ ತುಳು, ಸೊಸೆಯ ಜೊತೆ ಕನ್ನಡ ಮಾತಾಡುತ್ತಿದ್ದಳು. ನನ್ನ ಜೊತೆಯೂ ಕನ್ನಡವೇ, ಆದರೆ ನಾನು ಉತ್ತರ ಕೊಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳಿಗೆ ಅದು ಅರ್ಧ ಗೊತ್ತಾಗುತ್ತಿತ್ತು, ಉಳಿದರ್ಧ ಬೇಡವಾಗಿತ್ತು. ಅಡುಗೆಮನೆಯಲ್ಲಿ ಅತ್ತೆ ಸೊಸೆಯರ ಜಗಳ ಬಹುಮಟ್ಟಿಗೆ ಮೀನಿನದು. ಕೆರೆಯಿಂದ ಬರುವ ತಿಲಾಪಿಯಾ ಕೆಸರು ನಾರುತ್ತದೆ, ಬಂಗುಡೆ ತಿಂದು ಸತ್ತವರಿಗೆ ಇದನ್ನು ಬಡಿಸಿದರೆ ಬೈದು ಹೋಗುತ್ತಾರೆ ಅಂತ ಅಜ್ಜಿ. ಸತ್ತವರಿಗೆ ಅಷ್ಟೆಲ್ಲ ನಾಲಿಗೆ ರುಚಿ ಇರಲ್ಲ ಅತ್ತೆ ಅಂತ ಅಮ್ಮ. ಆದರೂ ದೀಪಾವಳಿಗೆ ಮೊದಲು ಮೊಂಬಾಸಾ ಕಡೆಯ ಸಮುದ್ರದ ಮೀನನ್ನು ಹುಡುಕಿ ತರುತ್ತಿದ್ದವಳು ಅಮ್ಮನೇ. ಕಳ್ಳಿನ ಬದಲು ಅಜ್ಜನ ಎಲೆಯ ಮುಂದೆ ಬಿಯರ್ ಇಡುತ್ತಿದ್ದೆವು. ಅಜ್ಜನಿಗೆ ಅದರಿಂದ ನಷ್ಟವೇನೂ ಆಗಿರಲಿಕ್ಕಿಲ್ಲ.

ಆ ಸಾಲಿನಲ್ಲಿ ಒಬ್ಬರಿಗೆ ಮಾತ್ರ ಎಲೆ ಇರುತ್ತಿರಲಿಲ್ಲ. ಅಜ್ಜಿಯ ಅಪ್ಪನಿಗೆ. ಅವರು ಬರ್ಮಾದ ರಂಗೂನಿನಲ್ಲಿ ಮಂಗಳೂರು ಹಂಚಿನ ಗೋದಾಮೊಂದರ ಗುಮಾಸ್ತರಾಗಿದ್ದರು. ಅಜ್ಜಿ ಹುಟ್ಟಿದ್ದೂ ಅಲ್ಲೇ. ಅವಳು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ರಂಗೂನಿನ ಮೇಲೆ ಬಾಂಬು ಬಿತ್ತು. ಅವಳ ಅಪ್ಪ ಹೇಗೋ ಮಾಡಿ ಹೆಂಡತಿ ಮಗಳನ್ನು ಮದರಾಸಿನ ಹಡಗು ಹತ್ತಿಸಿದರು. ನೀವು ಹೋಗಿ, ನಾನು ಹಿಂದಿನಿಂದ ಬರ್ತೇನೆ ಅಂದರು. ಆಮೇಲೆ ಹಡಗುಗಳು ನಿಂತವು, ಜಪಾನಿನವರು ಊರಿಗೇ ಬಂದರು, ಉಳಿದವರೆಲ್ಲ ಕಾಡುಬೆಟ್ಟ ಹತ್ತಿ ಇಂಡಿಯಾದ ಕಡೆಗೆ ನಡೆದರು. ಆ ದಾರಿಯಲ್ಲಿ ಬದುಕಿ ಬಂದ ಒಬ್ಬ ಮಲಯಾಳಿ ಕಂಪೌಂಡರ್ ಮಂಗಳೂರಿಗೆ ಬಂದು ಹೇಳಿದ್ದು ಇಷ್ಟೇ: ಕಬಾವ್ ಕಣಿವೆಯವರೆಗೆ ಒಟ್ಟಿಗೆ ಇದ್ದೆವು, ಅಲ್ಲಿ ಅವರಿಗೆ ಜ್ವರ ಬಂತು, ನೀವು ಮುಂದೆ ಹೋಗಿ, ನಾನು ಬರ್ತೇನೆ ಅಂದ್ರು.

ಅಜ್ಜಿಯ ಅಮ್ಮ ಅದನ್ನು ಹಾಗೇ ನಂಬಿದಳು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದೇ ತಿಳಿದು ಕ್ರಿಯೆ ಮಾಡಬೇಕೆಂದು ಭಾವಂದಿರು ಬಂದಾಗ ಅವಳು ಬಾಗಿಲು ಹಾಕಿಕೊಂಡಳಂತೆ. ಕೊನೆಯ ಉಸಿರಿನವರೆಗೂ ಹಣೆಗೆ ಕುಂಕುಮ, ಕೈಗೆ ಬಳೆ. ಮದುವೆಮನೆಗಳಲ್ಲಿ ಹೆಂಗಸರು ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದರು. ಒಂದು ಮದುವೆಯಲ್ಲಿ ಕುಂಕುಮದ ತಟ್ಟೆ ಹಿಡಿದವಳು ಇವಳ ಮುಂದೆ ತಡೆದು, ಕೊಡಲೋ ಬೇಡವೋ ಎಂದು ನಿಂತಾಗ, ಆಗಷ್ಟೇ ಮದುವೆಯಾಗಿದ್ದ ನಮ್ಮ ಅಜ್ಜಿ ಆ ತಟ್ಟೆಯನ್ನು ಕಿತ್ತುಕೊಂಡು ತಾನೇ ಅಮ್ಮನ ಹಣೆಗೆ ಇಟ್ಟಳಂತೆ. ಅಜ್ಜಿಯ ಅಮ್ಮ ಮುತ್ತೈದೆಯಾಗಿಯೇ ಹೋದಳು. ಅವಳ ಎಲೆಯ ಮುಂದೆ ಪ್ರತಿ ವರ್ಷ ಕುಂಕುಮ, ಮಲ್ಲಿಗೆ, ಹಸಿರು ಬಳೆ ಇಡುತ್ತಿದ್ದೆವು. ಈಗ ಅಜ್ಜಿ ತನ್ನ ಅಪ್ಪನಿಗೊಂದು ಎಲೆ ಹಾಕಿದರೆ ಅಪ್ಪ ಆ ಕಾಡಿನಲ್ಲೇ ಸತ್ತರು ಅಂತ ಒಪ್ಪಿಕೊಂಡ ಹಾಗೆ. ಆಗ ಅಮ್ಮ ಜೀವಮಾನವಿಡೀ ಇಟ್ಟ ಕುಂಕುಮ ಸುಳ್ಳಾಗುತ್ತದೆ. ಹಾಕದಿದ್ದರೆ, ಸತ್ತಿದ್ದರೆ, ಅಪ್ಪ ಅಷ್ಟು ವರ್ಷದಿಂದ ಹಸಿದಿದ್ದಾರೆ. ಅಜ್ಜಿ ಈ ಎರಡರ ನಡುವೆ ಸಿಕ್ಕಿಬಿದ್ದಿದ್ದಳು, ಮತ್ತು ಅವಳಿಗೂ ವಯಸ್ಸಾಗಿತ್ತು. ತಾನು ಹೋದ ಮೇಲೆ ಅವರ ಹೆಸರು ಹಿಡಿದು ಕರೆಯುವವರೇ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಡಿಸುವ ಸಂಜೆ ಅವಳ ಕೈ ಕೊನೆಯಲ್ಲಿದ್ದ ತನ್ನ ಅಮ್ಮನ ಎಲೆಯ ಪಕ್ಕದ ಖಾಲಿ ನೆಲದ ಮೇಲೆ ಸ್ವಲ್ಪ ಹೊತ್ತು ನಿಂತು ಹಿಂದೆ ಬರುತ್ತಿತ್ತು. ನನಗೆ ಹೆದರಿಕೆಯಾಗುತ್ತಿದ್ದದ್ದು ಉಂಡು ಹೋಗುವವರ ಬಗ್ಗೆ ಅಲ್ಲ. ಬಾಗಿಲ ಹೊರಗೆ ನಿಂತು ಒಳಗೆ ಬರಲಾಗದ ಒಬ್ಬರ ಬಗ್ಗೆ.

ಇದನ್ನೆಲ್ಲ ಅಜ್ಜಿ ಒಂದೇ ಸಲ ಹೇಳಿದ್ದಲ್ಲ. ಬಾಂಬಿನ ಕಥೆ ಹೇಳಿದ್ದು ಹೆಲಿಕಾಪ್ಟರುಗಳು ಬಂದ ದಿನಗಳಲ್ಲಿ. ಆ ವರ್ಷ ಒಂದು ಶನಿವಾರ, ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಮಾಲ್ ಒಂದಕ್ಕೆ ಬಂದೂಕು ಹಿಡಿದವರು ನುಗ್ಗಿದರು. ನಾವು ಮನೆಯಲ್ಲೇ ಇದ್ದೆವು, ನಮಗೇನೂ ಆಗಲಿಲ್ಲ. ಆದರೆ ಲೊರೆಶೋದ ಮೇಲೆ ಹೆಲಿಕಾಪ್ಟರುಗಳು ತಿರುಗತೊಡಗಿದವು, ಅಮ್ಮನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು, ಅಪ್ಪ ಗೇಟಿಗೆ ಬೀಗ ಹಾಕಿ ಬಂದು ಮತ್ತೆ ಹೋಗಿ ನೋಡುತ್ತಿದ್ದ. ಅಜ್ಜಿ ನನ್ನ ರಟ್ಟೆ ಹಿಡಿದು ಊಟದ ಮೇಜಿನ ಕೆಳಗೆ ಎಳೆದುಕೊಂಡಳು. ನನ್ನ ತಲೆಯನ್ನು ತನ್ನ ಮಡಿಲಿಗೆ ಒತ್ತಿ ಮೇಲೆ ತಾನು ಬಗ್ಗಿ ಕೂತಳು. ಅಪ್ಪ ಬಗ್ಗಿ, ಅಮ್ಮಾ, ಅದು ಪೊಲೀಸರದ್ದು, ಬಾಂಬು ಹಾಕುವುದಿಲ್ಲ ಅಂತ ತುಳುವಿನಲ್ಲಿ ಹೇಳಿದ. ಅವಳು ಏಳಲಿಲ್ಲ. ಆ ಮೇಜಿನ ಕೆಳಗೆ ನನಗೆ ರಂಗೂನ್ ಸಿಕ್ಕಿತು. ವಿಮಾನಗಳು ಹೊಳೆಯುತ್ತಾ ಬಂದಾಗ ಜನ ಹೆದರಿ ಓಡಲಿಲ್ಲವಂತೆ. ಬೀದಿಗೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಚಂದ ನೋಡುತ್ತಾ ನಿಂತರಂತೆ. ಅಜ್ಜಿಯೂ ನಿಂತಿದ್ದಳು. ಅವಳ ಅಪ್ಪ ಓಡಿ ಬಂದು ಅವಳನ್ನು ಎತ್ತಿಕೊಂಡು ಗೋದಾಮಿನ ಹಂಚಿನ ರಾಶಿಗಳ ನಡುವೆ ತೂರಿ, ಮೇಲೆ ಬಗ್ಗಿ ಕೂತರು. "ಹಂಚು ಒಡೆಯುವ ಶಬ್ದ ಮಾತ್ರ ನೆನಪುಂಟು ಮಗಾ" ಅಂದಳು. ನಾನು ಅಳುತ್ತಿದ್ದೆ. ಅವಳು ಅಳುತ್ತಿರಲಿಲ್ಲ.

ಶಾಲೆ ಮತ್ತೆ ತೆರೆದಾಗ ನಮ್ಮ ಇತಿಹಾಸದ ಟೀಚರ್ ಪ್ರಾಜೆಕ್ಟ್ ಕೊಟ್ಟರು: ಒಂದು ಹಠಾತ್ ದಾಳಿ ಒಂದು ದೇಶವನ್ನು ಜಾಗತಿಕ ಯುದ್ಧಕ್ಕೆ ಎಳೆದದ್ದು ಹೇಗೆ? ಪಾಪ, ಅದು ಹಿಂದಿನ ವರ್ಷದಿಂದಲೂ ಪಾಠದಲ್ಲಿದ್ದದ್ದೇ, ಅವರು ಬೇಕೆಂದು ಕೊಟ್ಟದ್ದಲ್ಲ. ನಾನು ವರಾಂಡದ ನೆಲದ ಮೇಲೆ ದೊಡ್ಡ ಕಾಗದ ಹಾಸಿ, ನಡುವೆ ಪೆಸಿಫಿಕ್ ಸಾಗರಕ್ಕೆ ನೀಲಿ ಬಳಿದು, ಹವಾಯಿ ದ್ವೀಪದ ಪರ್ಲ್ ಹಾರ್ಬರಿನಲ್ಲಿ ಸಾಲಾಗಿ ನಿಂತ ಹಡಗುಗಳನ್ನು ಬಿಡಿಸಿದೆ. ಅಜ್ಜಿ ಕುರ್ಚಿ ಎಳೆದುಕೊಂಡು ಬಂದು ಕೂತು, ಎಂತ ಅದು ಅಂದಳು. ನಾನು ನನ್ನ ಕಲಸುಮೇಲೋಗರ ಭಾಷೆಯಲ್ಲಿ ವಿವರಿಸಿದೆ. ಜಪಾನ್ ಚೀನಾದ ಮೇಲೆ ಯುದ್ಧ ಮಾಡುತ್ತಿತ್ತು. ಅದು ನಿಲ್ಲಲಿ ಅಂತ ಅಮೆರಿಕ ಅದಕ್ಕೆ ಎಣ್ಣೆ ಮಾರುವುದನ್ನು ನಿಲ್ಲಿಸಿತು. ಎಣ್ಣೆ, ರಬ್ಬರು ಎಲ್ಲ ಇದ್ದ ದಕ್ಷಿಣದ ನಾಡುಗಳನ್ನು ಹಿಡಿಯೋಣವೆಂದರೆ ಅಮೆರಿಕದ ಹಡಗುಪಡೆ ಅಡ್ಡ ಬರುತ್ತದೆ. ಅದಕ್ಕೆ ಹೇಳದೆ ಕೇಳದೆ, ಭಾನುವಾರ ಬೆಳಿಗ್ಗೆ ನಾವಿಕರು ತಿಂಡಿ ತಿನ್ನುವ ಹೊತ್ತಿಗೆ, ವಿಮಾನ ತಂದು ಬಾಂಬು ಹಾಕಿತು. ಅಲ್ಲಿಯವರೆಗೆ ಯುದ್ಧ ನಮಗೆ ಬೇಡ ಅನ್ನುತ್ತಿದ್ದ ಅಮೆರಿಕ ಮರುದಿನವೇ ಯುದ್ಧ ಸಾರಿತು. ಕೆಲವೇ ದಿನದಲ್ಲಿ ಜರ್ಮನಿ ಅಮೆರಿಕದ ಮೇಲೆ ಸಾರಿತು. ಬೇರೆ ಬೇರೆ ಕಡೆ ಉರಿಯುತ್ತಿದ್ದದ್ದೆಲ್ಲ ಸೇರಿ ಒಂದೇ ಬೆಂಕಿಯಾಯಿತು.

ಯಾವ ತಿಂಗಳು ಅಂತ ಅಜ್ಜಿ ಕೇಳಿದಳು. ಡಿಸೆಂಬರ್ ಅಂದೆ. ರಂಗೂನಿನ ಮೇಲೆ ಬಾಂಬು ಬಿದ್ದದ್ದು ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು, ಅದೇ ಡಿಸೆಂಬರಿನಲ್ಲಿ. ಆ ಎರಡಕ್ಕೂ ಸಂಬಂಧವಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮಂಗಳೂರಿನಲ್ಲಿ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕಿಯಾದರೂ ತನ್ನ ಅಪ್ಪನನ್ನು ಕಿತ್ತುಕೊಂಡದ್ದು ಎಲ್ಲಿಂದ ಹೊರಟು ಬಂತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಅವರವರ ಜಗಳ. ಅದರಲ್ಲಿ ಹಂಚಿನ ಗುಮಾಸ್ತರಿಗೆ ಎಂತ ಕೆಲಸ?" ಅಂದಳು.

ನನ್ನ ಕಾಗದದ ಮೇಲೆ ರಂಗೂನ್ ಇರಲಿಲ್ಲ. ಅಲ್ಲಿಗೊಂದು ಗೆರೆ ಎಳಿ ಅಂದಳು. ಎಳೆದೆ.

ನಮ್ಮ ಮನೆಯ ಮಾಲೀಕರು ಮ್ಜೇ ಕಮಾವು. ಮ್ಜೇ ಅಂದರೆ ಹಿರಿಯರು, ಹೆಸರಿಗೆ ಮೊದಲು ಸೇರಿಸುವ ಮರ್ಯಾದೆ. ಹೆಡ್‌ಮಾಸ್ಟರರಾಗಿ ನಿವೃತ್ತರಾಗಿದ್ದ ಅವರು ಹಿಂದಿನ ಕಾಂಪೌಂಡಿನಲ್ಲಿ ಮಗಳ ಜೊತೆ ಇದ್ದರು. ತೊಂಬತ್ತರ ಹತ್ತಿರದ ವಯಸ್ಸಿನಲ್ಲೂ ಕೋಟು, ಹ್ಯಾಟು. ಅಜ್ಜಿಗೆ ಬಾಳೆಲೆ ಬರುತ್ತಿದ್ದದ್ದು ಅವರ ತೋಟದಿಂದಲೇ. ಇಬ್ಬರಿಗೂ ಸಾಮಾನ್ಯವಾದ ಭಾಷೆಯೊಂದೂ ಇರಲಿಲ್ಲ, ಆದರೂ ವರಾಂಡದಲ್ಲಿ ಎದುರು ಬದುರು ಕೂತು ಗಂಟೆಗಟ್ಟಲೆ ಚಹಾ ಕುಡಿಯುತ್ತಿದ್ದರು. ಒಳಗೆ ಬನ್ನಿ ಅಂದರೆ ಮಾತ್ರ ಬರುತ್ತಿರಲಿಲ್ಲ. ನಮಗೆ ಬಾಡಿಗೆಗೆ ಕೊಟ್ಟ ತಮ್ಮದೇ ಮನೆಯ ಹೊಸಿಲನ್ನು ಅವರು ದಾಟಿದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಅದನ್ನು ಹಳೆಯ ಕಾಲದ ಸಂಕೋಚ ಅಂದುಕೊಂಡಿದ್ದಳು. ಆ ಸಂಜೆ ಅವರು ಬಂದು, ನೆಲದ ಮೇಲಿನ ಕಾಗದವನ್ನು ತುಂಬ ಹೊತ್ತು ನೋಡಿ, ಕೋಲಿನ ತುದಿಯಿಂದ ಆಫ್ರಿಕ ಇರಬೇಕಾದ ಖಾಲಿ ಜಾಗವನ್ನು ಮುಟ್ಟಿ, ಇಲ್ಲಿಗೂ ಒಂದು ಗೆರೆ ಬೇಕು ಅಂದರು.

ಬರ್ಮಾ ಬ್ರಿಟಿಷರ ಕೈಬಿಟ್ಟು ಹೋದ ಮೇಲೆ ಅದನ್ನು ಮರಳಿ ಪಡೆಯಲು ಅವರಿಗೆ ಜನ ಬೇಕಿತ್ತು. ಕಿಯಾಂಬುವಿನ ಮಿಷನ್ ಶಾಲೆಯಲ್ಲಿ ಓದಿದ ಹುಡುಗ ಕಮಾವುವನ್ನು ರೈಲಿನಲ್ಲಿ ಮೊಂಬಾಸಾಕ್ಕೆ, ಹಡಗಿನಲ್ಲಿ ಸಿಂಹಳಕ್ಕೆ, ಅಲ್ಲಿಂದ ಇಂಡಿಯಾದ ಮೂಲೆಗೆ ಸಾಗಿಸಿ, ಮಳೆಯಲ್ಲಿ ಒಂದು ಕಣಿವೆಗೆ ಇಳಿಸಿದರು. ಜಪಾನ್ ಎಲ್ಲಿದೆ, ಅವರ ಮೇಲೆ ತನಗೇನು ಸಿಟ್ಟು ಎಂಬುದು ಆ ಹುಡುಗನಿಗೆ ಗೊತ್ತಿರಲಿಲ್ಲ. ಯಾವ ಕಣಿವೆ ಅಂತ ನಾನು ಸುಮ್ಮನೆ, ಕಾಗದದ ಮೇಲೆ ಬರೆಯಲಿಕ್ಕೆ ಕೇಳಿದೆ.

"ಕಬಾವ್" ಅಂದರು ಮ್ಜೇ.

ಅಜ್ಜಿಗೆ ಅನುವಾದ ಬೇಕಾಗಲಿಲ್ಲ. ಕೇಳು, ಅಲ್ಲಿ ಎಂತ ನೋಡಿದ್ರು ಕೇಳು ಅಂತ ನನ್ನ ಭುಜ ಅಲುಗಿಸಿದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅಜ್ಜಿಯ ಅಪ್ಪನ ಕಥೆಯನ್ನೂ ನನಗೆ ಬಂದ ಹಾಗೆ ಹೇಳಿದೆ. ಮ್ಜೇ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಹೇಳತೊಡಗಿದರು. ಒಂದೊಂದು ವಾಕ್ಯವಾದ ಮೇಲೂ ನಿಲ್ಲುತ್ತಿದ್ದರು. ನಾನು ಅದನ್ನು ಕನ್ನಡಕ್ಕೆ ತರಬೇಕಿತ್ತು. ಅಲ್ಲಿಯವರೆಗೆ ಕನ್ನಡದಲ್ಲಿ ನನಗೆ ಬರುತ್ತಿದ್ದದ್ದು ಊಟ ಬೇಡ, ನಿದ್ದೆ ಬಂತು ಎನ್ನುವಷ್ಟು. ಎಲುಬು ಎಂಬ ಮಾತನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ವರಾಂಡದಲ್ಲಿ. ಆ ದಾರಿಯಲ್ಲಿ ಎಲುಬುಗಳಿದ್ದವು ಅಜ್ಜಿ. ಇಂಡಿಯಾಕ್ಕೆ ಹೊರಟವರದ್ದು. ಮರಕ್ಕೆ ಒರಗಿ ಕೂತವು, ಗುಡಿಸಲುಗಳಲ್ಲಿ ಸಾಲಾಗಿ ಮಲಗಿದವು, ಕೆಟ್ಟು ನಿಂತ ಕಾರಿನೊಳಗೆ ಇದ್ದವು. ನಾನು ಇವತ್ತು ಕನ್ನಡದಲ್ಲಿ ಬರೆಯುತ್ತಿದ್ದರೆ ಅದಕ್ಕೆ ಕಾರಣ ಆ ಸಂಜೆ. ಇಂಗ್ಲಿಷಿನಲ್ಲಿ ಅದು ನನಗೆ ಇತಿಹಾಸವಾಗಿತ್ತು. ಕನ್ನಡಕ್ಕೆ ಬಂದ ಕೂಡಲೇ ಅದು ನಮ್ಮ ಮನೆಯ ಸಾವಾಯಿತು.

ಶಿಬಿರ ಹೂಡಲು ಆ ಗುಡಿಸಲುಗಳನ್ನು ತೆರವು ಮಾಡಿ ಅಂತ ಅಧಿಕಾರಿ ಹೇಳಿದಾಗ ಜೊತೆಯವರು ಹಿಂದೆ ಸರಿದರಂತೆ. ಅವರ ಕಿಕುಯು ಜನರಲ್ಲಿ ಸತ್ತವರನ್ನು ಮುಟ್ಟುವುದೆಂದರೆ ದೊಡ್ಡ ಮೈಲಿಗೆ. ಹಿರಿಯರು ಕುರಿ ಕಡಿದು ಶುದ್ಧ ಮಾಡುವವರೆಗೆ ಮುಟ್ಟಿದವನು ಮನೆಯೊಳಗೆ ಬರುವಂತಿಲ್ಲ. ಕಮಾವು ಮಾತ್ರ, ನಾನು ಮಿಷನ್ನಿನವನು, ನನಗೇನು ಅಂತ ಒಳಗೆ ಹೋದರು. ಗುಂಡಿ ತೋಡಿ, ಸಿಕ್ಕಿದವರಿಗೆಲ್ಲ ಮಣ್ಣು ಕೊಟ್ಟರು. ಯುದ್ಧ ಮುಗಿದು ಊರಿಗೆ ಬಂದಾಗ ತಾಯಿಗೆ ಅದನ್ನು ಹೇಳಿದರು. ಅವಳು ಹೊಸಿಲ ಮೇಲೇ ಕೈ ಅಡ್ಡ ಹಿಡಿದಳು. ಪಾದ್ರಿಗಳು ಕುರಿ ಕಡಿಯುವ ಶಾಸ್ತ್ರ ಕೂಡದು ಅಂದರು. ಹೀಗೆ ಅದು ಆಗಲೇ ಇಲ್ಲ. ತಾಯಿ ಸತ್ತಳು, ಶಾಸ್ತ್ರ ಬಲ್ಲ ಹಿರಿಯರೂ ಸತ್ತರು. ನನ್ನ ಮನೆಗೇನೋ ನಾನು ಹೋಗುತ್ತೇನೆ, ಬೇರೆಯವರು ಇರುವ ಮನೆಯೊಳಗೆ ಆ ಮೈಲಿಗೆಯನ್ನು ಯಾಕೆ ತರಲಿ ಅಂದರು. ಹೇಳುವಾಗ ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ನಿಮ್ಮ ತಂದೆಯನ್ನು ನೋಡಿದೆ ಅಂತ ನಾನು ಸುಳ್ಳು ಹೇಳಲಾರೆ ಮಾಮಾ" ಅಂದರು ಕೊನೆಗೆ, ತಾಯಂದಿರನ್ನು ಅವರಲ್ಲಿ ಕರೆಯುವ ಹಾಗೆ. "ತುಂಬ ಜನ ಇದ್ದರು. ಮುಖ ಯಾರಿಗೂ ಉಳಿದಿರಲಿಲ್ಲ."

ನಾನು ಅದನ್ನೂ ಹೇಳಿದೆ. ಅಜ್ಜಿ ಒಂದೇ ಪ್ರಶ್ನೆ ಕೇಳಿದಳು. ಮಣ್ಣು ಕೊಟ್ಟದ್ದು ಕೈಯಿಂದಲಾ? ಹೌದು, ಸನಿಕೆಯಿಂದ, ಕೈಯಿಂದ ಅಂದರು ಮ್ಜೇ. ಅಜ್ಜಿ ಎದ್ದು ಒಳಗೆ ಹೋದಳು. ಅಳಲಿಕ್ಕೆ ಹೋದಳು ಅಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡು ಹಿಂದೆ ಹೋದಳು. ಆದರೆ ಅವಳು ಹಿತ್ತಾಳೆಯ ಚೆಂಬಿನಲ್ಲಿ ನೀರು ತುಂಬಿಕೊಂಡು ಬಂದಳು. ನಮ್ಮಲ್ಲಿ ಹೆಣ ಹೊತ್ತು, ಮಣ್ಣು ಕೊಟ್ಟು ಬಂದವರಿಗೆ ಮನೆಯವರು ನೀರು ಕೊಡಬೇಕು. ಕೊಡದೆ ಅವರನ್ನು ಹಾಗೇ ಕಳಿಸಬಾರದು. ಅವಳು ಮ್ಜೇಯವರನ್ನು ವರಾಂಡದ ಮೆಟ್ಟಿಲಿಗೆ ಕರೆದು, ಕೋಟಿನ ತೋಳನ್ನು ತಾನೇ ಮಡಿಸಿ, ಅವರ ಎರಡೂ ಕೈಗಳ ಮೇಲೆ ನೀರು ಹೊಯ್ದಳು. ಚೆಂಬು ಖಾಲಿಯಾದಾಗ ಅಮ್ಮ ಇನ್ನೊಂದು ತಂದುಕೊಟ್ಟಳು. ಇದೇನೆಂದು ನಾನು ವಿವರಿಸಲು ಹೊರಟೆ. ಮ್ಜೇ ತಲೆಯಲ್ಲಾಡಿಸಿದರು, ಬೇಕಿರಲಿಲ್ಲ. ಒದ್ದೆ ಕೈಗಳನ್ನು ಒರೆಸಿಕೊಳ್ಳದೆ ಹಾಗೇ ಮುಂದೆ ಹಿಡಿದು ನಿಂತಿದ್ದರು. ಗಲ್ಲದ ಮೇಲೂ ನೀರಿತ್ತು.

"ಅಸಾಂಟೆ, ಮಾಮಾ" ಅಂತ ಕೃತಜ್ಞತೆ ಹೇಳಿದರು.

ಆ ದೀಪಾವಳಿಯ ಸಂಜೆ ಅಜ್ಜಿ ಮ್ಜೇಯವರನ್ನೂ ಕರೆಸಿದಳು. ಅವರು ಹೊಸಿಲಿನ ಹತ್ತಿರ ಬಂದು ನಿಂತರು, ಅಜ್ಜಿ ಬನ್ನಿ ಅಂದಳು, ಬಂದರು. ಉಗ್ರಾಣದಲ್ಲಿ ಎಲೆಗಳನ್ನು ಹಾಕುತ್ತಾ ಹೋದ ಅವಳು ತನ್ನ ಅಮ್ಮನ ಎಲೆಯ ಪಕ್ಕಕ್ಕೆ ಬಂದಾಗ ಅಲ್ಲಿ ತಡೆಯಲಿಲ್ಲ. ಇನ್ನೊಂದು ಎಲೆ ಹಾಕಿದಳು. ಅನ್ನ, ಕೋಳಿಸಾರು, ಮೀನು, ಎಲ್ಲವನ್ನೂ ಉಳಿದವರಿಗಿಂತ ಹೆಚ್ಚೇ ಬಡಿಸಿದಳು. ಆಮೇಲೆ ಅಮ್ಮನ ಎಲೆಯ ಮುಂದೆ ಯಾವತ್ತಿನಂತೆ ಮಲ್ಲಿಗೆ, ಬಳೆ, ಕುಂಕುಮದ ಭರಣಿ ಇಟ್ಟಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಶಾಸ್ತ್ರ ಗೊತ್ತಿತ್ತು.

"ಅಮ್ಮಾ, ಇನ್ನು ಕುಂಕುಮ ಇಡಬಹುದಾ?" ಅಂತ ಮೆಲ್ಲಗೆ ಕೇಳಿದ.

"ಅವಳು ಇಟ್ಟದ್ದು ಅವರು ಬರ್ತಾರೆ ಅಂತ" ಅಂದಳು ಅಜ್ಜಿ. "ಇವತ್ತು ಬರ್ತಾರೆ ಅಲ್ವಾ?"

ದೀಪ ಹಚ್ಚಿ, ತನ್ನ ಅಪ್ಪನ ಹೆಸರನ್ನು ಗಟ್ಟಿಯಾಗಿ ಕರೆದಳು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲು ಮುಚ್ಚಿ ನಾವೆಲ್ಲ ಊಟದ ಕೋಣೆಯಲ್ಲಿ ಕೂತೆವು. ಹೊರಗೆ ಎಲ್ಲೋ ಒಂದೆರಡು ಪಟಾಕಿ ಹೊಡೆದು ನಿಂತವು. ಯಾವತ್ತೂ ಕಾಯುವಷ್ಟು ಹೊತ್ತು ಕಾದೆವು. ಅಮ್ಮ ಅಜ್ಜಿಯ ಮುಖ ನೋಡಿದಳು. ಅಪ್ಪ ಬಾಗಿಲು ತಟ್ಟಲೆಂದು ಎದ್ದ. ಅಜ್ಜಿ ಅವನ ಕೈ ಹಿಡಿದು ಕೂರಿಸಿದಳು.

"ಉಳಿದವರದ್ದು ಊಟ ಆಗಿರ್ಬಹುದು. ಅಪ್ಪ ನಡ್ಕೊಂಡು ಬರ್ಬೇಕಲ್ಲ." ನನ್ನ ಕಡೆಗೆ ತಿರುಗಿದಳು. "ಮಗಾ, ಅವರನ್ನು ಕೇಳು. ಅಲ್ಲಿಂದ ಎಷ್ಟು ದೂರ ಉಂಟು ಅಂತ."

ನಾನು ಮ್ಜೇಯವರನ್ನು ಕೇಳಿದೆ. ಅವರು ಮುಚ್ಚಿದ ಬಾಗಿಲನ್ನು ನೋಡಿದರು.

"ತುಂಬ ದೂರ" ಅಂದರು. "ನಾವು ಕಾಯೋಣ."

ಒಳಗೆ ಸಾರು ಆರುತ್ತಿತ್ತು. ಯಾರೂ ಏಳಲಿಲ್ಲ.